ನೆರವು ಕೇಳಿದರೆ ಸೀಟು ತಪ್ಪುತ್ತದೆಯೇ?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಅಮೆರಿಕದಲ್ಲಿ ಪದವಿ ಮಾಡುವ ಆಸೆ. ನಮಗಿರುವುದು ತೆಂಗಿನ ತೋಟ, ಅದೂ ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿ. ವರ್ಷಕ್ಕೆ ಎರಡು ಲಕ್ಷ ರೂಪಾಯಿಗಿಂತ ಹೆಚ್ಚು ಕೊಡಲಾರೆವು. ‘ಈಗ ಕಾಲೇಜಿನಿಂದ ಹಣದ ನೆರವು ಕೇಳಬೇಡಿ, ಕೇಳಿದರೆ ಸೀಟು ತಪ್ಪುತ್ತದೆ, ಸೇರಿದ ಮೇಲೆ ಕೇಳಿ’ ಎನ್ನುತ್ತಾರೆ ಏಜೆಂಟರೊಬ್ಬರು. ಹಾಗೆ ಮಾಡಬಹುದೇ?
– ಒಬ್ಬ ತಂದೆ, ತಿಪಟೂರು

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಪ್ರವೇಶದ ಹೊತ್ತಿನಲ್ಲಿ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಅನೇಕ ಕಾಲೇಜುಗಳು ಮುಂದೆಯೂ ಕೊಡುವುದಿಲ್ಲ. ಹಾರ್ವರ್ಡ್‌ನಂಥ ಕಡೆ ಬೋಧನಾ ಶುಲ್ಕ, ವಸತಿ, ಊಟ ಸೇರಿ ವರ್ಷಕ್ಕೆ 80 ಸಾವಿರ ಡಾಲರ್ ದಾಟುತ್ತದೆ. ತೋಟ ಅಡವಿಟ್ಟು ಮೊದಲ ವರ್ಷ ಕಳೆದರೂ ಎರಡನೆಯ ವರ್ಷಕ್ಕೆ ಎಲ್ಲಿಗೆ ಹೋಗುತ್ತೀರಿ? ಇಂಥ ಸಲಹೆ ಕೊಡುವವರ ಮೇಲೆ ನನಗೆ ಬಹಳ ಸಿಟ್ಟಿದೆ.

ಕೇಳಿದರೆ ಸೀಟು ತಪ್ಪುತ್ತದೆ ಎಂಬ ಏಜೆಂಟರ ಮಾತಿನಲ್ಲಿ ಅರ್ಧ ಸತ್ಯವಿದೆ. ಹೆಚ್ಚಿನ ಕಾಲೇಜುಗಳು ವಿದೇಶಿಯರನ್ನು ಆರಿಸುವಾಗ ಎಷ್ಟು ನೆರವು ಬೇಕೆಂಬುದನ್ನೂ ನೋಡುತ್ತವೆ. ಆದರೆ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ನೋಡುವುದಿಲ್ಲ. 2022ರಲ್ಲಿ ಡಾರ್ಟ್‌ಮತ್, ಬೋಡಿನ್ ಕೂಡ ಆ ಸಾಲಿಗೆ ಸೇರಿದವು. ಅಲ್ಲಿ ಸೀಟು ಸಿಗುವುದು ಬಹಳ ಕಷ್ಟ. ಆದ್ದರಿಂದ ವಿಲಿಯಮ್ಸ್, ಸ್ವಾರ್ತ್‌ಮೋರ್, ವಾಸರ್‌ನಂಥ ಚಿಕ್ಕ ಕಾಲೇಜುಗಳನ್ನೂ ಪಟ್ಟಿಗೆ ಸೇರಿಸಿ. ನೆರವಿನ ಬೇಡಿಕೆಯನ್ನು ಅವು ಲೆಕ್ಕಕ್ಕೆ ತೆಗೆದುಕೊಂಡರೂ, ಒಮ್ಮೆ ಆರಿಸಿದ ಮೇಲೆ ನಿಮ್ಮ ಕೈಲಾಗದಷ್ಟನ್ನು ಪೂರ್ತಿ ತುಂಬಿಕೊಡುತ್ತವೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪದವಿಗೆ ಬರುವ ವಿದೇಶಿಯರಿಗೆ ಇಂಥ ನೆರವು ತೀರಾ ಅಪರೂಪ.

ಅಮೆರಿಕ ಸರ್ಕಾರದ ನೆರವಿಗೆ ಹಾಕುವ ಫಾಫ್ಸಾ ಎಂಬ ಅರ್ಜಿ ನಿಮಗಲ್ಲ, ಅದು ಮುಖ್ಯವಾಗಿ ಅಲ್ಲಿನ ನಾಗರಿಕರಿಗೆ. ನೀವು ತುಂಬಬೇಕಾದದ್ದು ಸಾಮಾನ್ಯವಾಗಿ ಸಿಎಸ್ಎಸ್ ಪ್ರೊಫೈಲ್, ಅಂದರೆ ಕಾಲೇಜಿನ ನೆರವಿಗಾಗಿ ಮನೆಯ ಆದಾಯ, ಆಸ್ತಿ ತಿಳಿಸುವ ಆನ್‌ಲೈನ್ ಅರ್ಜಿ. ಅದರ ಶುಲ್ಕ ಮೊದಲ ಕಾಲೇಜಿಗೆ 25 ಡಾಲರ್, ನಂತರದ ಪ್ರತಿಯೊಂದಕ್ಕೆ 16. ಅದೂ ಭಾರವಾದರೆ ಮಗಳೇ ಕಾಲೇಜಿನ ನೆರವು ಕಚೇರಿಗೆ ಇ-ಮೇಲ್ ಬರೆದು ವಿನಾಯಿತಿ ಕೇಳಲಿ. ಕೆಲವು ಕಾಲೇಜುಗಳು ಶುಲ್ಕವಿಲ್ಲದ ಬೇರೆ ನಮೂನೆಯನ್ನು ಒಪ್ಪುತ್ತವೆ.

ರೈತರ ಮನೆಯವರು ತಡವರಿಸುವುದು ಆದಾಯದ ಪ್ರಶ್ನೆಗಳಲ್ಲಿ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ, ಹಾಗಾಗಿ ರಿಟರ್ನ್ಸ್ ಇರುವುದಿಲ್ಲ. ಅದನ್ನು ಹಾಗೆಯೇ ಬರೆಯಿರಿ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಕೊಬ್ಬರಿ ಮಾರಿದ ಚೀಟಿಗಳು, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಇಂಗ್ಲಿಷ್ ಅನುವಾದದೊಂದಿಗೆ ಸಿದ್ಧಮಾಡಿಟ್ಟುಕೊಳ್ಳಿ. ಜಮೀನನ್ನು ಮುಚ್ಚಿಡಬೇಡಿ. ಅದರಲ್ಲಿ ನಿಮ್ಮ ಪಾಲೆಷ್ಟು, ಒಬ್ಬರೇ ಮಾರಲು ಏಕೆ ಸಾಧ್ಯವಿಲ್ಲ, ಮಾರಿದರೆ ಮನೆಯ ಜೀವನ ಹೇಗೆ ನಿಲ್ಲುತ್ತದೆ ಎಂಬುದನ್ನು ವಿಶೇಷ ಪರಿಸ್ಥಿತಿ ವಿವರಿಸುವ ಜಾಗದಲ್ಲಿ ಬಿಡಿಸಿ ಬರೆಯಿರಿ. ನಾನೂ ಅಡಿಕೆ ತೋಟದ ಮನೆಯವಳು. ಒಂದು ವರ್ಷದ ಧಾರಣೆ ನೋಡಿ ರೈತನನ್ನು ಸಿರಿವಂತ ಎನ್ನುವವರನ್ನು ಕಂಡಿದ್ದೇನೆ. ಹಾಗಾಗಿ ಮೂರು ವರ್ಷಗಳ ಲೆಕ್ಕ ಕೊಡಿ. ಎಷ್ಟು ಕೊಡಬಲ್ಲಿರಿ ಎಂದು ಕೇಳಿದಲ್ಲಿ ಎರಡು ಲಕ್ಷ ಎಂದೇ ಬರೆಯಿರಿ, ಸಂಕೋಚ ಬೇಡ.

ಸಿಇಟಿ ಅರ್ಜಿಯನ್ನೂ ಹಾಕಿಸಿ. ಜನವರಿಯ ಗಡುವಿಗೆ ಅರ್ಜಿ ಹಾಕಿದವರಿಗೆ ಅಮೆರಿಕದ ಫಲಿತಾಂಶ ಸಾಮಾನ್ಯವಾಗಿ ಮಾರ್ಚ್ ಕೊನೆಯ ಹೊತ್ತಿಗೆ ಬರುತ್ತದೆ, ಒಪ್ಪಿಗೆ ತಿಳಿಸಲು ಮೇ 1ರವರೆಗೆ ಸಮಯವಿರುತ್ತದೆ. ನೆರವಿನ ಪತ್ರ ಕೈಗೆ ಬಂದಾಗ ಅದರಲ್ಲಿ ಅನುದಾನವೆಷ್ಟು, ಸಾಲವೆಷ್ಟು ಎಂದು ಬೇರೆ ಬೇರೆಯಾಗಿ ಕೂಡಿ ನೋಡಿ. ಅರ್ಥವಾಗದಿದ್ದರೆ ಆ ಪತ್ರದ ಪ್ರತಿಯನ್ನು ನನಗೆ ಕಳುಹಿಸಿ.