ಓದುಗರ ಪ್ರಶ್ನೆ: ಕೈ ನಡುಗಿದವನು ಅಗ್ನಿಶಾಮಕ ದಳ ಸೇರಬಹುದೇ?

ಪ್ರಶ್ನೆ: ನನಗೆ 23 ವರ್ಷ. ಬಿ.ಎಸ್ಸಿ. ಮುಗಿಸಿ ಪೀಣ್ಯದ ಗೋದಾಮೊಂದರಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಯ ಎಲೆಕ್ಟ್ರಿಕಲ್ ಅಂಗಡಿಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಕೆಲಸ ಮಾಡಿದ ರೀತಿ ಕಂಡು, ಆ ವೃತ್ತಿಗೇ ಸೇರಬೇಕೆನಿಸಿದೆ. ಆದರೆ ಅಂದು ನೀರಿನ ಬಕೆಟ್ ಹಿಡಿದ ನನ್ನ ಕೈ ನಡುಗುತ್ತಿತ್ತು. ತಾಯಿಗೂ ಒಪ್ಪಿಗೆಯಿಲ್ಲ. ಇದು ನನಗೆ ಒಗ್ಗುವುದೇ?
– ಓದುಗ, ದಾಸರಹಳ್ಳಿ

ಉತ್ತರ: ಕರೆಂಟು ಹರಿಯುತ್ತಿರಬಹುದಾದ ಅಂಗಡಿಗೆ ಬಕೆಟ್ ನೀರು ಎರಚಲು ಹೊರಟ ಕೈ ನಡುಗದಿದ್ದರೆ ನನಗೆ ಹೆಚ್ಚು ಆತಂಕವಾಗುತ್ತಿತ್ತು. ಭಯವಿದೆಯೇ ಎಂಬುದಕ್ಕಿಂತ, ಭಯದ ನಡುವೆಯೂ ಹೇಳಿದ ಮಾತು ನಿಮ್ಮ ಕಿವಿಗೆ ಬೀಳುತ್ತದೆಯೇ ಎಂಬುದನ್ನು ನೀವು ಪರೀಕ್ಷಿಸಿಕೊಳ್ಳಬೇಕು.

ಹೊಗೆ ತುಂಬಿದ ಕಟ್ಟಡದೊಳಗೆ ಹೋಗುವವರು ಬೆನ್ನಿಗೆ ಉಸಿರಾಟದ ಸಾಧನವನ್ನು, ಅವರ ಮಾತಿನಲ್ಲಿ ಬಿ.ಎ. ಸೆಟ್ಟನ್ನು, ಕಟ್ಟಿಕೊಳ್ಳುತ್ತಾರೆ. ಸಾಮಾನ್ಯವಾಗಿ 300 ಬಾರ್ ಒತ್ತಡದಲ್ಲಿ ಗಾಳಿ ತುಂಬಿದ ಆ ಸಿಲಿಂಡರು ಹೆಚ್ಚೂಕಡಿಮೆ ಅರ್ಧ ಗಂಟೆಗೆ ಸಾಲುತ್ತದೆ. ಏದುಸಿರು ಬಿಡುವವನಿಗೆ ಅಷ್ಟೂ ಬಾರದು. ಒತ್ತಡ 55 ಬಾರಿನ ಆಸುಪಾಸಿಗೆ ಇಳಿದಾಗ ಆ ಸಾಧನದ ಎಚ್ಚರಿಕೆಯ ಸೀಟಿ ಕೂಗತೊಡಗುತ್ತದೆ. ಮುಂದಿನ ಕೋಣೆಯಲ್ಲಿ ಯಾರೋ ಕೆಮ್ಮಿದಂತೆ ಕೇಳಿಸಿದರೂ, ಆ ಸೀಟಿಗೆ ಮೊದಲೇ ಹಿಂದಿರುಗುವ ಲೆಕ್ಕ ಹಾಕಿ, ಜೊತೆಗಾರನ ಭುಜ ತಟ್ಟಿ, ಹೋಸ್ ಪೈಪನ್ನು ತಡವುತ್ತ ಬಂದ ದಾರಿಯಲ್ಲೇ ಹೊರಬರಬೇಕು, ಏಕೆಂದರೆ ಒಳಗೆ ಕುಸಿದುಬಿದ್ದ ಸಿಬ್ಬಂದಿಯನ್ನು ಹೊರತರಲು ಮತ್ತಿಬ್ಬರು ಒಳಹೋಗಬೇಕಾಗುತ್ತದೆ. ಗೆಳೆಯರ ನಡುವೆ ಯಾರ ಮಾತೂ ಕೇಳದೆ ಮುನ್ನುಗ್ಗುವವರೆಂದು ನೀವು ಹೆಸರಾಗಿದ್ದರೆ, ಕೈ ನಡುಕಕ್ಕಿಂತ ಅದನ್ನೇ ಹೆಚ್ಚು ಯೋಚಿಸಿ.

ಇನ್ನೊಂದು ಮಾತು. ಈ ಕೆಲಸದಲ್ಲಿ ಜ್ವಾಲೆಗಿಂತ ಹೊಗೆಯೇ ದೊಡ್ಡ ಶತ್ರು. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡಕ್ಕೆ ಬೆಂಕಿ ಬಿದ್ದು 9 ಮಂದಿ ಸತ್ತರು. ಹೊಗೆ ತಾಳಲಾರದೆ ಕಿಟಕಿಯ ಗಾಜು ಒಡೆದು ಕೆಳಗೆ ಹಾರಿದವರೂ ಅವರಲ್ಲಿದ್ದರು. ಇಂಥ ದೃಶ್ಯವನ್ನು ಕಣ್ಣಾರೆ ಕಂಡು, ಮರುದಿನ ಮತ್ತೆ ಹಾಜರಿ ಹಾಕಬೇಕಾದ ವೃತ್ತಿಯಿದು.

ಹಾಗೆಂದು ದಿನವೂ ಬೆಂಕಿಯೇ ಇರುವುದಿಲ್ಲ. ಬೆಳಗಿನ ಡ್ರಿಲ್, ಪಂಪು ಪರೀಕ್ಷೆ, ಒದ್ದೆ ಹೋಸುಗಳನ್ನು ತೊಳೆದು ಒಣಹಾಕುವುದು, ಮಳೆಗೆ ಉರುಳಿದ ಮರ ಕಡಿಯುವುದು, ಬಾವಿಗೆ ಬಿದ್ದ ಹಸುವನ್ನು ಮೇಲೆತ್ತುವುದು, ಮಾಂಜಾ ದಾರಕ್ಕೆ ಸಿಕ್ಕ ಹದ್ದನ್ನು ಬಿಡಿಸುವುದು, ಕೆರೆಯಿಂದ ಶವ ತೆಗೆಯುವುದು – ಇವೂ ಅವರ ಪಾಲಿನವೇ. ನೀವು ಆ ದಿನ ಕಂಡದ್ದು ಈ ಕೆಲಸದ ಅತ್ಯಂತ ಆಕರ್ಷಕವಾದ ಅರ್ಧ ಗಂಟೆ.

ತಾಯಿಯ ಆತಂಕವನ್ನು ತಳ್ಳಿಹಾಕಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2022ರಲ್ಲಿ ಅಗ್ನಿಶಾಮಕ ವೃತ್ತಿಯನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಮಸಿ ಹಿಡಿದ ಸಮವಸ್ತ್ರವನ್ನು ಮನೆಗೆ ತರಬಾರದೆನ್ನುವುದು ಇದೇ ಕಾರಣಕ್ಕೆ.

1944ರಲ್ಲಿ ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಸಿಬ್ಬಂದಿಯ ನೆನಪಿಗಾಗಿ ಏಪ್ರಿಲ್ 14ರಿಂದ ಒಂದು ವಾರ ಅಗ್ನಿಶಾಮಕ ಸೇವಾ ಸಪ್ತಾಹ ನಡೆಯುತ್ತದೆ. ಆಗ ನಡೆಯುವ ಪ್ರಾತ್ಯಕ್ಷಿಕೆಗಳನ್ನು ನೋಡಿ. ಸಾಧ್ಯವಾದರೆ ತಾಯಿಯನ್ನೂ ಕರೆದೊಯ್ಯಿರಿ. ಅಲ್ಲಿನ ಹಿರಿಯ ಫೈರ್‌ಮನ್ ಒಬ್ಬರನ್ನು ಮಾತಿಗೆಳೆದು, ಸಾಹಸದ ಕಥೆಗಳನ್ನಲ್ಲ, ನಿದ್ದೆಯ ಬಗ್ಗೆ ಕೇಳಿ. ಮನೆಯಲ್ಲಿ ಒಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು, ಗೋಡೆ ಹಿಡಿದು ತೆವಳುತ್ತ ಮೂರು ಕೋಣೆ ದಾಟಿ ಬಾಗಿಲು ಹುಡುಕಿ. ಎರಡನೆಯ ಸಲಕ್ಕೂ ಉಸಿರು ಕಟ್ಟಿದಂತಾದರೆ ಅದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಿ.

ಪ್ರಶ್ನೆ: ಖಾಸಗಿ ಸಂಸ್ಥೆಯೊಂದು ಆರು ತಿಂಗಳ ಫೈರ್ ಸೇಫ್ಟಿ ಕೋರ್ಸ್ ಮಾಡಿದರೆ ಸರ್ಕಾರಿ ಕೆಲಸ ಖಾತರಿ ಎನ್ನುತ್ತಿದೆ. ಸೇರಲೇ?
– ಓದುಗಿ, ಯಲಹಂಕ

ಉತ್ತರ: ಆ ಭರವಸೆ ನಂಬಿ ಹಣ ಕಟ್ಟಬೇಡಿ. ಸರ್ಕಾರಿ ನೇಮಕಾತಿ ನಡೆಯುವುದು ಅಧಿಸೂಚನೆಯ ಮೂಲಕ. ಅದರಲ್ಲಿ ಹೇಳಿದ ವಿದ್ಯಾರ್ಹತೆ, ವಯಸ್ಸು, ದೇಹದಾರ್ಢ್ಯ ಪರೀಕ್ಷೆಗಳನ್ನು ಯಾವ ಖಾಸಗಿ ಪ್ರಮಾಣಪತ್ರವೂ ತಪ್ಪಿಸಲಾರದು. ಆಸ್ಪತ್ರೆ, ಮಾಲ್, ಕಾರ್ಖಾನೆಗಳ ಸುರಕ್ಷತಾ ವಿಭಾಗದಲ್ಲಿ ದುಡಿಯುವ ಉದ್ದೇಶವಿದ್ದರೆ ಮಾತ್ರ ಯೋಚಿಸಿ, ಅದೂ ಹಿಂದಿನ ತಂಡದವರು ಈಗ ಎಲ್ಲಿದ್ದಾರೆಂದು ವಿಚಾರಿಸಿದ ಮೇಲೆ.