ಬೇಡಿ ಕರಗಿಸಿದ ವಕೀಲೆ

ಪ್ರಶ್ನೆ: ಸ್ಪೇನ್‌ನ ಜೈಲುಗಳನ್ನು ಸುಧಾರಿಸಿದ ಎಡಪಂಥೀಯ ನಾಯಕಿ ಅಂತ ವಿಕ್ಟೋರಿಯಾ ಕೆಂಟ್ ಬಗ್ಗೆ ಓದಿದೆ. ಆದರೆ ಹೆಂಗಸರಿಗೆ ಈಗಲೇ ಮತದ ಹಕ್ಕು ಬೇಡ ಅಂದವರೂ ಅವರೇ ಅಂತೆ. ಯಾವುದನ್ನು ನಂಬಲಿ ಮೇಡಂ?
– ಒಬ್ಬ ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಎರಡೂ ನಿಜ ಕಣಮ್ಮ.

ಮತದ ವಿಷಯ ಮೊದಲು ಮುಗಿಸಿಬಿಡೋಣ. ಹೆಂಗಸರು ಪಾದ್ರಿ ಹೇಳಿದ ಕಡೆ ಮತ ಹಾಕುತ್ತಾರೆ, ಆಗತಾನೇ ಬಂದ ಗಣರಾಜ್ಯ ಉಳಿಯುವುದಿಲ್ಲ, ಸ್ವಲ್ಪ ಕಾಯೋಣ ಅನ್ನುವುದು ಆಕೆಯ ವಾದ. ಎದುರಿಗೆ ನಿಂತು ವಾದಿಸಿದ್ದೂ ಹೆಂಗಸೇ, ಕ್ಲಾರಾ ಕಾಂಪೊಅಮೊರ್. 1931ರ ಅಕ್ಟೋಬರ್ 1ರಂದು ಸ್ಪೇನ್ ಸಂಸತ್ತಿನಲ್ಲಿ 161–121 ಮತಗಳಿಂದ ಕ್ಲಾರಾ ಗೆದ್ದರು. ನನ್ನನ್ನು ಕೇಳಿದರೆ ಕೆಂಟ್ ಹೇಳಿದ್ದು ತಪ್ಪೇ.

ಆದರೆ ಜೈಲಿನ ಕಥೆ ಬೇರೆ. ನಾನು ವಕೀಲಿ ಶುರು ಮಾಡಿದ ಹೊಸತರಲ್ಲಿ ಕಕ್ಷಿದಾರನೊಬ್ಬನನ್ನು ನೋಡಲು ಜೈಲಿಗೆ ಹೋಗಿದ್ದೆ. ಕೇಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ ಅವನು. ‘ತಂಗಿ ಮದುವೆಗೆ ಒಂದು ದಿನ ಬಿಡ್ತಾರಾ ಮೇಡಂ?’ ಅಷ್ಟೇ. ಕೆಂಟ್‌ಗೆ ಈ ಪ್ರಶ್ನೆ ಅರ್ಥವಾಗಿತ್ತು ಅನ್ನಿಸುತ್ತೆ. 1931ರ ಏಪ್ರಿಲ್‌ನಲ್ಲಿ ರಾಜ ದೇಶ ಬಿಟ್ಟು ಹೋಗಿ ಗಣರಾಜ್ಯ ಬಂದಾಗ, ಇಡೀ ಸ್ಪೇನ್‌ನ ಜೈಲುಗಳ ಉಸ್ತುವಾರಿ ಸಿಕ್ಕಿದ್ದು ಮಾಲಗಾ ಊರಿನ ಈ ವಕೀಲೆಗೆ. ಪಕ್ಷ, ರ‍್ಯಾಡಿಕಲ್ ಸೋಷಿಯಲಿಸ್ಟ್. ಮನೆಯ ಕಷ್ಟಸುಖಕ್ಕೆ ಕೈದಿಗಳಿಗೆ ರಜೆ ಕೊಡಿಸಿದರು. ಊಟ ಸರಿಪಡಿಸಿದರು. ಪೂಜೆಗೆ ಬರಲೇಬೇಕು ಅನ್ನುವ ಬಲವಂತ ತೆಗೆದರು. ಹಳೇ ಕೊಂಪೆಯಂಥ ಜೈಲುಗಳಿಗೆ ಬೀಗ ಹಾಕಿಸಿದರು. ಹೆಂಗಸರ ಜೈಲಿನಲ್ಲಿ ಸನ್ಯಾಸಿನಿಯರ ಕೈಯಲ್ಲಿದ್ದ ಕಾವಲನ್ನು ತರಬೇತಾದ ಮಹಿಳಾ ಸಿಬ್ಬಂದಿಗೆ ವಹಿಸಿದರು.

ನನಗೆ ಜಾಸ್ತಿ ಇಷ್ಟವಾಗಿದ್ದು ಬೇಡಿಗಳ ವಿಚಾರ. ಜೈಲುಗಳಲ್ಲಿದ್ದ ಸರಪಳಿ, ಕಾಲುಬೇಡಿಗಳನ್ನೆಲ್ಲ ಒಟ್ಟು ಮಾಡಿ ಕರಗಿಸಿ, ಆ ಲೋಹದಲ್ಲಿ ಕಾನ್ಸೆಪ್ಸಿಯಾನ್ ಅರೆನಾಲ್ ಅವರ ಪ್ರತಿಮೆ ಮಾಡಿ ಅಂದರು. ಅರೆನಾಲ್ 19ನೇ ಶತಮಾನದಲ್ಲಿ ಕೈದಿಗಳ ಪರ ಬರೆದ ಹೆಣ್ಣುಮಗಳು.

‘ಜೈಲನ್ನು ಛತ್ರ ಮಾಡಿಬಿಟ್ಟಳು’ ಅನ್ನುವ ಥರದ ಕೂಗು ಎದ್ದೇ ಏಳುತ್ತೆ, ಅಲ್ವಾ? ಎದ್ದಿತು. ಸರ್ಕಾರದ ಒಳಗೂ ಬೆಂಬಲ ಸಾಲಲಿಲ್ಲ. 1932ರಲ್ಲಿ ಹುದ್ದೆ ಬಿಟ್ಟರು. ಒಂದು ವರ್ಷದ ಮೇಲೆ ಸ್ವಲ್ಪ ದಿನ, ಅಷ್ಟೇ ಸಿಕ್ಕಿದ್ದು.

ಮ್ಯಾಡ್ರಿಡ್‌ನ ವೆಂಟಾಸ್‌ನಲ್ಲಿ ಹೆಂಗಸರಿಗೆ ಅಂತಲೇ ಗಾಳಿ ಬೆಳಕಿನ ಹೊಸ ಜೈಲು ಕಟ್ಟಲು ಹಚ್ಚಿದ್ದೂ ಆಕೆಯೇ. ಅದು ತೆರೆದಿದ್ದು 1933ರಲ್ಲಿ. ಮುಂದೆ ಗಣರಾಜ್ಯದ ವಿರುದ್ಧ ಅಂತರ್ಯುದ್ಧ ಗೆದ್ದ ಜನರಲ್ ಫ್ರಾಂಕೊ ಕಡೆಯವರು ಅದೇ ಕಟ್ಟಡಕ್ಕೆ ಸಾವಿರಾರು ಹೆಂಗಸರನ್ನು ತುರುಕಿದರು. 1939ರ ಆಗಸ್ಟ್ 5ರಂದು ಅಲ್ಲಿಂದಲೇ 13 ಯುವತಿಯರನ್ನು ಕರೆದೊಯ್ದು, ಸ್ಮಶಾನದ ಗೋಡೆಗೆ ನಿಲ್ಲಿಸಿ ಗುಂಡಿಟ್ಟರು.

ಕೆಂಟ್ ಆಗ ಪ್ಯಾರಿಸ್‌ನಲ್ಲಿದ್ದರು. ಮುಂದೆ ಜರ್ಮನ್ನರು ಬಂದಮೇಲೆ ‘ಮದಾಂ ದುವಾಲ್’ ಅನ್ನುವ ಸುಳ್ಳು ಹೆಸರಲ್ಲಿ ಅಡಗಿರಬೇಕಾಯಿತು. 1943ರಲ್ಲಿ ಫ್ರಾಂಕೊ ಸರ್ಕಾರದ ನ್ಯಾಯಮಂಡಳಿ, ಆಕೆ ಎದುರಿಗಿಲ್ಲದಿದ್ದರೂ, 30 ವರ್ಷ ಜೈಲುಶಿಕ್ಷೆ ಬರೆಯಿತು. ಆ ಶಿಕ್ಷೆಯ ಒಂದು ದಿನವನ್ನೂ ಆಕೆ ಕಳೆಯಲಿಲ್ಲ. 1987ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.