ನಲವತ್ತೇಳನೇ ವಯಸ್ಸಿಗೆ ಮೊದಲ ಗೇರ್ ಬೈಕ್: ನೇರ ಕ್ಲಾಸಿಕ್ 350 ತಗೊಳ್ಳಬಹುದಾ?

ನೀವು ಬರೆದಿರೋದರ ಸಾರಾಂಶ ಇಷ್ಟು: ವಯಸ್ಸು 47, ಎತ್ತರ ಐದಡಿ ಐದಿಂಚು, ಮನೆ ಮೈಸೂರಿನ ಕುವೆಂಪುನಗರ. ಇಲ್ಲಿವರೆಗೆ ಓಡಿಸಿದ್ದು ಕಾರು, ಬಿಟ್ಟರೆ ಹೆಂಡತಿಯ ಆಕ್ಟಿವಾ. ರಾಯಲ್ ಎನ್‌ಫೀಲ್ಡ್‌ನ ಕ್ಲಾಸಿಕ್ 350 ಮೇಲೆ ಮನಸ್ಸು ಹೋಗಿದೆ, ಮನೆಯವರು ಒಪ್ಪುತ್ತಿಲ್ಲ.

ನಾನು ಮಂಡ್ಯದವನು. ಗೇರ್ ಬೈಕ್ ಕಲಿತದ್ದು ನಲವತ್ತು ದಾಟಿದ ಮೇಲೆಯೇ. ಕ್ಲಾಸಿಕ್ ತಗೊಳ್ಳಿ, ಆದರೆ ಅದು ಎರಡನೇ ಗಾಡಿಯಾಗಲಿ. ಮೊದಲನೆಯದು 100ರಿಂದ 125 ಸಿಸಿಯ ಸೆಕೆಂಡ್ ಹ್ಯಾಂಡ್ ಸಾಕು. ಒಂದು ಮಳೆಗಾಲ ಅದರಲ್ಲೇ ಓಡಾಡಿ.

ನಿಮ್ಮ ಮನೆಯವರು ಹೆದರುತ್ತಿರೋದು ಸ್ಪೀಡಿಗೆ. ನನಗೆ ಹೆದರಿಕೆ ಇರೋದು ಗಾಡಿ ನಿಂತಿರುವಾಗಿನದು. ಕ್ಲಾಸಿಕ್ ತೂಕ 195 ಕೆಜಿ, ಸ್ಪ್ಲೆಂಡರ್ 112, ನಿಮ್ಮ ಆಕ್ಟಿವಾ ಅದಕ್ಕಿಂತ ಸ್ವಲ್ಪ ಕಡಿಮೆ. ಈಗ ನಿಮ್ಮ ಬೀದಿಯ ಮನೆಗಳನ್ನೇ ನೋಡಿ. ಗೇಟು, ಗೇಟಿನ ಮುಂದೆ ಚರಂಡಿ ಮೇಲೆ ಹಾಕಿಸಿದ ಇಳಿಜಾರು, ಅದರಾಚೆ ರಸ್ತೆ. ರಾತ್ರಿ ಮೂತಿ ಒಳಗೆ ಮಾಡಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಹಿಂದಕ್ಕೆ ಇಳಿಸಬೇಕು. ಎಂಜಿನ್ ಆಫ್, ಗಾಡಿ ತನ್ನ ಭಾರಕ್ಕೆ ತಾನೇ ಜಾರುತ್ತಿರುತ್ತೆ, ಹಿಡಿತ ಏನಿದ್ದರೂ ಮುಂದಿನ ಬ್ರೇಕಿನ ಮೇಲಿಟ್ಟ ಎರಡು ಬೆರಳಲ್ಲಿ. ಅಷ್ಟರಲ್ಲಿ ಹ್ಯಾಂಡಲ್ ಸ್ವಲ್ಪ ತಿರುಗಿತು ಅಂದ್ರೆ ವಾಲೋಕೆ ಶುರು. ಸ್ಪ್ಲೆಂಡರ್ ವಾಲಿದರೆ ತೊಡೆ ಕೊಟ್ಟು ನಿಲ್ಲಿಸಬಹುದು. ಕ್ಲಾಸಿಕ್ ಒಂದು ಮಟ್ಟ ಮೀರಿ ವಾಲಿದ ಮೇಲೆ ಕೈಬಿಟ್ಟು ಪಕ್ಕಕ್ಕೆ ಸರಿಯೋದೇ ವಾಸಿ, ಹಿಡಿಯೋಕೆ ಹೋದರೆ ಸೊಂಟ ಹಿಡಿದುಕೊಳ್ಳುತ್ತೆ. ಇಪ್ಪತ್ತರ ಹುಡುಗನ ಸೊಂಟ ಎರಡು ದಿನಕ್ಕೆ ಸರಿಹೋಗುತ್ತೆ. ನಮ್ಮದಕ್ಕೆ ಎಷ್ಟು ದಿನ ಬೇಕು ಅಂತ ನಿಮಗೂ ಗೊತ್ತು.

ಹಾಗಾಗಿ ಶೋರೂಮಲ್ಲಿ ಟೆಸ್ಟ್ ರೈಡ್ ಕೇಳೋಕೆ ಮುಂಚೆ ಪಕ್ಕದಲ್ಲಿ ನಿಂತು ಗಾಡಿ ತಳ್ಳಿ, ಹಿಂದಕ್ಕೆ ಎಳೆಯಿರಿ, ಡಬಲ್ ಸ್ಟ್ಯಾಂಡ್ ಇದ್ದರೆ ಹಾಕಿ ತೆಗೆಯಿರಿ. ಸೇಲ್ಸ್ ಹುಡುಗರು ಒಂಥರಾ ನೋಡ್ತಾರೆ, ನೋಡಲಿ. ಆಮೇಲೆ, ದಿನಾ ಹಾಕುವ ಶೂನಲ್ಲೇ ಕೂತು ನೋಡಿ. ಸೀಟಿನ ಎತ್ತರ ಕ್ಲಾಸಿಕ್‌ದು 805 ಮಿ.ಮೀ., ಅದೇ ಕಂಪನಿಯ ಹಂಟರ್ 350ದು 790, ಸ್ಪ್ಲೆಂಡರ್‌ದು 785. ಈ ಅಂಕಿಯೊಂದನ್ನೇ ನಂಬಬೇಡಿ. ಸೀಟು ಅಗಲ ಇದ್ದರೆ ಕಾಲು ಅಗಲಿಸಿಕೊಂಡು ಇಳಿಯುತ್ತೆ, ಅಷ್ಟೇ ಎತ್ತರದ ಕಿರಿದಾದ ಸೀಟಿನಲ್ಲಿ ನೆಲಕ್ಕೆ ಸಿಗುವ ಹಿಮ್ಮಡಿ ಇಲ್ಲಿ ಸಿಗಲ್ಲ. ಏನೇ ಹೇಳಿದರೂ 350 ಬಿಡಲ್ಲ ಅಂತಿದ್ದರೆ ಹಂಟರ್ ನೋಡಿ. 181 ಕೆಜಿ, ಕ್ಲಾಸಿಕ್‌ಗಿಂತ 14 ಕೆಜಿ ಕಡಿಮೆ, ನಿಧಾನಕ್ಕೆ ತಿರುಗಿಸುವಾಗ ಆ ವ್ಯತ್ಯಾಸ ಕೈಗೆ ಗೊತ್ತಾಗುತ್ತೆ.

‘ಬೆಂಗಳೂರಿಗೆ ಹೈವೇಲಿ ಹೋಗೋಕೆ ದೊಡ್ಡ ಗಾಡಿ ಬೇಕಲ್ವಾ’ ಅಂತಲೂ ಕೇಳಿದ್ದೀರಿ. ನಮ್ಮ ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್ 1ರಿಂದ ಬೈಕಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯೇ ಗತಿ. ಅಲ್ಲಿ ಹಂಪುಗಳು, ರಾಂಗ್ ಸೈಡಲ್ಲಿ ಬರೋ ಆಟೋ, ಎಲ್ಲಿಂದಲೋ ನುಗ್ಗೋ ಟ್ರ್ಯಾಕ್ಟರ್. ಆ ದಾರಿಯಲ್ಲಿ 350 ಇದ್ದವನೂ ಒಂದೇ, 125 ಇದ್ದವನೂ ಒಂದೇ.

ನೀವು ನಿಜವಾಗಿ ಓಡಾಡೋದು ಕೆಆರ್‌ಎಸ್, ಪಾಂಡವಪುರ, ಮೇಲುಕೋಟೆ ಕಡೆ ಅಂದುಕೊಳ್ಳುತ್ತೇನೆ. ಈ ಒಳರಸ್ತೆಗಳ ಪಾಠವೇ ಬೇರೆ. ಕಬ್ಬು ಕಡಿಯುವ ಕಾಲದಲ್ಲಿ ಕತ್ತಲಾದ ಮೇಲೆ ಹಿಂದೆ ಲೈಟೂ ಇಲ್ಲದ, ರಿಫ್ಲೆಕ್ಟರೂ ಇಲ್ಲದ ಟ್ರೇಲರ್‌ಗಳು ಸಿಗುತ್ತವೆ. ಸುಗ್ಗಿ ಬಂತೆಂದರೆ ಹುರುಳಿ, ರಾಗಿ ತಂದು ಟಾರಿನ ಮೇಲೇ ಹರಡುತ್ತಾರೆ, ಗಾಡಿಗಳು ಹರಿದು ಕಾಳು ಉದುರಲಿ ಅಂತ. ಕಾರಲ್ಲಿ ಹೋಗುವಾಗ ನಿಮಗೆ ಅದು ಸರಬರ ಸದ್ದು ಅಷ್ಟೇ. ಬೈಕಲ್ಲಿ ಹುರುಳಿ ಸೊಪ್ಪಿನ ಮೇಲೆ ಹೋದರೆ ಅಡಿಯ ಕಾಳು ಗೋಲಿಯ ಹಾಗೆ ಉರುಳುತ್ತೆ. ಅದು ಬರೋಕೆ ಮುಂಚೆಯೇ ನಿಧಾನ ಮಾಡಿ, ಮೇಲೆ ಹತ್ತಿದ ಮೇಲೆ ಬ್ರೇಕ್ ಮುಟ್ಟದೆ, ಹ್ಯಾಂಡಲ್ ತಿರುಗಿಸದೆ ನೆಟ್ಟಗೆ ದಾಟಬೇಕು. ಹಗುರದ ಗಾಡಿಯಲ್ಲಿ ಒಂದೆರಡು ಸಲ ಹಿಂಚಕ್ರ ಆಚೀಚೆ ಆಡಿದರೂ ಸುಧಾರಿಸಿಕೊಳ್ಳಬಹುದು, ಕೈಗೂ ಅಂದಾಜು ಹತ್ತುತ್ತೆ.

ಇದನ್ನೇ ಹಿಡಿದುಕೊಂಡು ನಮ್ಮ ಕಡೆ ‘ಮುಂದಿನ ಬ್ರೇಕ್ ಮುಟ್ಟಲೇಬೇಡ’ ಅಂತ ಹೇಳಿಕೊಡ್ತಾರೆ. ಕೇಳಬೇಡಿ. ಒಣ ಟಾರಿನಲ್ಲಿ ಗಾಡಿಯನ್ನು ನಿಲ್ಲಿಸೋದು ಬಹುಪಾಲು ಮುಂದಿನ ಬ್ರೇಕೇ. ಮೆತ್ತಗೆ ಒತ್ತುತ್ತಾ ಹೋಗೋದನ್ನು ಮೊದಲ ವಾರದಿಂದಲೇ ರೂಢಿ ಮಾಡಿ. 125 ಸಿಸಿ ಮೀರಿದ ಹೊಸ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ಕಡ್ಡಾಯ. ಹಾಗಾಗಿ ಹಳೇ 150, 160 ನೋಡುವಾಗ ಆರ್‌ಸಿಯಲ್ಲಿ ವರ್ಷ ನೋಡಿಕೊಳ್ಳಿ.

ಗೇರಿನ ವಿಷಯ. ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರು ಮುಂದಕ್ಕೆ ಒತ್ತಿದರೆ ಬೀಳುತ್ತೆ. ಕ್ಲಾಸಿಕ್‌ನಲ್ಲಿ ಒಂದನೇದು ಕೆಳಕ್ಕೆ, ಮಿಕ್ಕಿದ್ದು ಮೇಲಕ್ಕೆ. ನನ್ನ ಭಾಮೈದನ ಸ್ಪ್ಲೆಂಡರ್‌ನಲ್ಲಿ ಕಲಿತ ನನ್ನ ಕಾಲಿಗೆ ಆಮೇಲೆ ಹೊಸದಾಗಿ ಪಾಠ ಹೇಳಬೇಕಾಯಿತು. ಮುಂದೆ ಕ್ಲಾಸಿಕ್ ಖಂಡಿತ ಅಂತಿದ್ದರೆ ಒಂದು ಕೆಳಗೆ, ನಾಲ್ಕು ಮೇಲೆ ಇರುವ 125ನ್ನೇ ಹುಡುಕಿ. ಇಷ್ಟು ವರ್ಷ ಕಾರು ಓಡಿಸಿರೋದರಿಂದ ಹಾಫ್ ಕ್ಲಚ್ ಅಂದರೇನು ಅಂತ ನಿಮಗೆ ಹೇಳಬೇಕಿಲ್ಲ, ಕಾಲಿನ ವಿದ್ಯೆ ಎಡಗೈಗೆ ಬರಬೇಕು ಅಷ್ಟೆ. ರಿಂಗ್ ರೋಡಿನಾಚೆ ಸೈಟ್ ಮಾಡಿ ಬಿಟ್ಟಿರೋ ಖಾಲಿ ಬಡಾವಣೆಗಳಿವೆಯಲ್ಲ, ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ. ಚಾಮುಂಡಿ ಬೆಟ್ಟದ ಏರಿನಲ್ಲಿ ಬಸ್ಸಿನ ಹಿಂದೆ ನಿಂತು, ಹಿಂದಕ್ಕೆ ಜಾರದೆ ಗಾಡಿ ಎತ್ತುವಂತಾದಾಗ ಕ್ಲಾಸಿಕ್ ಬುಕ್ ಮಾಡಿ.

ಮೈಸೂರಿನಲ್ಲಿದ್ದೀರಿ ಅಂದಮೇಲೆ ಯಾರಾದರೂ ಹಿರಿಯರು ‘ಹಳೇ ಯೆಜ್ಡಿ ತಗೊಳ್ಳಯ್ಯ’ ಅಂದೇ ಅನ್ನುತ್ತಾರೆ. ಆ ಬೈಕ್ ತಯಾರಾಗುತ್ತಿದ್ದ ನಿಮ್ಮೂರಿನ ಯಾದವಗಿರಿಯ ಫ್ಯಾಕ್ಟರಿ 1996ರಲ್ಲಿ ಮುಚ್ಚಿದರೂ ಆ ಅಭಿಮಾನ ಹಾಗೇ ಇದೆ, ನನಗೂ ಇದೆ. ಆದರೆ ಕಿಕ್ಕರೂ ಗೇರೂ ಒಂದೇ ಲಿವರ್ ಆಗಿರುವ ಗಾಡಿ ಕಲಿಯೋರಿಗಲ್ಲ.

ಲೈಸೆನ್ಸ್ ಮರೆಯಬೇಡಿ. ಕಾರಿನ ಲೈಸೆನ್ಸಲ್ಲಿ ಗೇರ್ ಬೈಕ್ ಓಡಿಸುವಂತಿಲ್ಲ, ಆ ವರ್ಗವನ್ನು ಸೇರಿಸಿಕೊಳ್ಳಬೇಕು. ಮೊದಲು ಎಲ್ಎಲ್ (ಕಲಿಯೋರ ಲೈಸೆನ್ಸ್), 40 ದಾಟಿರೋದರಿಂದ ಅದಕ್ಕೆ ಡಾಕ್ಟರ ಕೈಲಿ ಫಾರಂ 1ಎ ಅನ್ನೋ ಮೆಡಿಕಲ್ ಸರ್ಟಿಫಿಕೇಟ್, 30 ದಿನ ಆದಮೇಲೆ ಟೆಸ್ಟ್. ಎಲ್ಎಲ್ ಇರುವಾಗ ಕಲಿಸುವವರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸುವಂತಿಲ್ಲ, ಹೆಂಡತಿಯನ್ನೂ ಸೇರಿಸಿ.

ಗಾಡಿ ನೋಡೋಕೆ ಹೋಗುವಾಗ ಪರಿಚಯದ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿ. ಫೋರ್ಕಿನಲ್ಲಿ ಆಯಿಲ್ ಸೋರುತ್ತಿದೆಯಾ, ಹ್ಯಾಂಡಲ್ ತಿರುಗೋ ಕಡೆ ಇರುವ ಬೇರಿಂಗ್, ಅಂದ್ರೆ ಕೋನ್ ಸೆಟ್, ಆಟ ಬಂದಿದೆಯಾ, ಚೈನ್ ಸ್ಪ್ರಾಕೆಟ್ ಹಲ್ಲು ಸವೆದಿದೆಯಾ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ನೋಡಿಸಿ. ನಾನು ಕರೆದುಕೊಂಡು ಹೋಗಿದ್ದವನು ಎರಡು ಗಾಡಿ ಬೇಡ ಅಂದ. ಮೂರನೇದರ ಚೈನ್ ಎಳೆದು ನೋಡಿ, ‘ಅಣ್ಣ, ಇದ್ರಲ್ಲಿ ಒಂದ್ ವರ್ಸ ಓಡಾಡಿ, ಆಮೇಲೆ ಬುಲೆಟ್ಟೋ ಗಿಲೆಟ್ಟೋ ತಕ್ಕಳಿ’ ಅಂದ. ಅದನ್ನೇ ತಗೊಂಡೆ.